ಅಥೆನ್ಸಿನ ಬೆಳ್ಳಿ ಅಗೆದವರು ಯಾರು?



ಗ್ರೀಕರ ಏಳಿಗೆ ಅಂದ ಕೂಡಲೇ ನಮ್ಮ ವಿದ್ವಾಂಸರದ್ದು ಅದೇ ಪಾಠ. ಸಾಕ್ರೆಟಿಸ್ ಬಂದ, ಪ್ಲೇಟೊ ಬಂದ, ಪಾರ್ಥೆನಾನ್ ಎದ್ದಿತು, ಪ್ರಜಾಪ್ರಭುತ್ವ ಹುಟ್ಟಿತು. ಎಲ್ಲಾ ಬರೀ ತಲೆಯಿಂದಲೇ ಉದುರಿದ ಹಾಗೆ! ದುಡ್ಡು ಎಲ್ಲಿಂದ ಬಂತು ಸ್ವಾಮಿ?

ಲಾರಿಯಾನ್ ಅನ್ನೋ ಹೆಸರು ಕೇಳಿದ್ದೀರಾ? ಅಥೆನ್ಸಿಗೆ ಸೇರಿದ ಬೆಳ್ಳಿ ಗಣಿ. ಕ್ರಿ.ಪೂ. 483ರ ಸುಮಾರಿಗೆ ಅಲ್ಲಿ ಭಾರಿ ಬೆಳ್ಳಿ ಸಿಕ್ಕಿತು. ತಲೆಗೆ 10 ದ್ರಾಕ್ಮ ಹಂಚಿಕೊಳ್ಳೋಣ ಅಂತ ಮಾತಾಗಿತ್ತು. ಥೆಮಿಸ್ಟೋಕ್ಲಿಸ್ ಬೇಡ, ಯುದ್ಧದ ಹಡಗು ಕಟ್ಟೋಣ ಅಂದ. 480ರಲ್ಲಿ ಸಲಾಮಿಸ್ ಹತ್ತಿರ ಪರ್ಷಿಯನ್ನರನ್ನು ಸೋಲಿಸಿದ್ದು, ಆಮೇಲೆ ಅಥೆನ್ಸನ್ನು ಸಮುದ್ರದ ಒಡೆಯನನ್ನಾಗಿ ಮಾಡಿದ್ದು ಆ ಹಡಗುಗಳೇ. ಬೆಳ್ಳಿ ಅಗೆದವರು ಮಾತ್ರ ಗುಲಾಮರು. ನೆಟ್ಟಗೆ ನಿಲ್ಲಲೂ ಆಗದ ಸುರಂಗದಲ್ಲಿ, ಎಣ್ಣೆ ದೀಪದ ಬೆಳಕಲ್ಲಿ, ತೆವಳಿಕೊಂಡು ಅಗೆದವರು.

ನಿಕಿಯಾಸ್ ಅಂತ ಅಥೆನ್ಸಿನ ದಂಡನಾಯಕನೊಬ್ಬ 1000 ಗುಲಾಮರನ್ನು ಗಣಿಗೆ ಬಾಡಿಗೆಗೆ ಬಿಟ್ಟಿದ್ದ. ತಲೆಗೆ ದಿನಕ್ಕೆ 1 ಒಬಲ್. 6 ಒಬಲ್‌ಗೆ 1 ದ್ರಾಕ್ಮ. ಕೂತಲ್ಲೇ ದಿನಕ್ಕೆ 166 ದ್ರಾಕ್ಮ! ನುರಿತ ಕಲ್ಲುಕುಟಿಗನ ದಿನಗೂಲಿ ಆಗ 1 ದ್ರಾಕ್ಮ. ಇದನ್ನು ಬರೆದಿಟ್ಟವನು ಕ್ಸೆನೊಫನ್, ಅದೂ ದೂರಾಗಿ ಅಲ್ಲ, ಸರ್ಕಾರವೂ ಗುಲಾಮರನ್ನು ಕೊಂಡು ಹೀಗೇ ಬಾಡಿಗೆಗೆ ಬಿಡಲಿ ಅನ್ನೋ ಸಲಹೆಯಾಗಿ. ಕರಾರಿನಲ್ಲಿ ಇನ್ನೊಂದು ಷರತ್ತಿತ್ತು, ತಲೆಯೆಣಿಕೆ ಕಮ್ಮಿಯಾಗಬಾರದು. ಒಬ್ಬ ಸತ್ತರೆ ಗುತ್ತಿಗೆದಾರ ಇನ್ನೊಬ್ಬನನ್ನು ತಂದು ನಿಲ್ಲಿಸಬೇಕು. ಹೊರಗುತ್ತಿಗೆ ಫೈಲು ನೋಡೋ ಗುಮಾಸ್ತ ನಾನು, ಈ ಭಾಷೆ ಯಾರೂ ನನಗೆ ಬಿಡಿಸಿ ಹೇಳಬೇಕಿಲ್ಲ.

594ರಲ್ಲಿ ಸೋಲೋನ್ ಸಾಲಕ್ಕೆ ಜೀತ ಹೋಗೋದನ್ನು ನಿಲ್ಲಿಸಿದ. ಒಳ್ಳೇದೇ ಮಾಡಿದ. ಆದರೆ ಬಿಡುಗಡೆಯಾಗಿದ್ದು ಅಥೆನ್ಸಿನವರಿಗೆ ಮಾತ್ರ. ದುಡಿಯೋಕೆ ಥ್ರೇಸ್‌ನಿಂದ, ಏಷ್ಯಾ ಮೈನರ್‌ನಿಂದ ಜನರನ್ನು ಕೊಂಡು ತಂದರು. ಒಬ್ಬನ ಸ್ವಾತಂತ್ರ್ಯದ ಬಿಲ್ಲು ಇನ್ನೊಬ್ಬನ ಹೆಸರಿಗೆ!

ಅಕ್ರೊಪೊಲಿಸ್ ಮೇಲಿನ ಎರೆಕ್ತಿಯಾನ್ ಗುಡಿ ಕಟ್ಟಿದ ಲೆಕ್ಕ ಕಲ್ಲಿನ ಮೇಲೆ ಉಳಿದಿದೆ. ಕಂಬಕ್ಕೆ ಗೀರು ಕೆತ್ತಿದವರ ಪಟ್ಟಿಯಲ್ಲಿ ಸಿಮಿಯಾಸನ ಕೆರ್ಡಾನ್, ಸಿಮಿಯಾಸನ ಸಿಂಡ್ರಾನ್ ಅಂತೆಲ್ಲ ಹೆಸರಿವೆ. ಸಿಮಿಯಾಸ್ ಅವರಪ್ಪ ಅಲ್ಲ, ಒಡೆಯ. ಇಂಥ ಗೌಡರ ಮನೆ ಆಳು ಅಂತಲೇ ಊರಿಗೆಲ್ಲ ಗುರುತಾಗಿದ್ದ ಅಜ್ಜಂದಿರ ಮೊಮ್ಮಕ್ಕಳು ನಾವು. ಆ ಪಟ್ಟಿ ಓದಿದಾಗ ನನಗೆ ಗ್ರೀಸ್ ದೂರದ ದೇಶ ಅನ್ನಿಸಲಿಲ್ಲ.

ಗ್ರೀಕರ ಗಣಿತ, ನಾಟಕ, ತತ್ವಶಾಸ್ತ್ರ ಎಲ್ಲಾ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದನ್ನು ಓದೋಣ, ನಮ್ಮ ಮಕ್ಕಳಿಗೂ ಓದಿಸೋಣ. ಆದರೆ ಏಳಿಗೆಯ ಕತೆಯಿಂದ ಗಣಿಯನ್ನು ಕಿತ್ತು ಹಾಕಿ ಗುಡಿಯನ್ನಷ್ಟೇ ತೋರಿಸಿದರೆ ಅದು ಚರಿತ್ರೆ ಅಲ್ಲ, ಜಾಹೀರಾತು.

ಇಷ್ಟು ಹೇಳಿದರೆ ಸಾಕು, ಒಬ್ಬರು ಬಂದೇ ಬರ್ತಾರೆ: ‘ಆ ಕಾಲವೇ ಹಾಗಿತ್ತು ಬಿಡಿ.’ ಜಾತಿ ವಿಷಯಕ್ಕೂ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ. ಯಾರ ಕಾಲ ಹಾಗಿತ್ತು? ನಿಸರ್ಗ ಯಾರನ್ನೂ ಗುಲಾಮನಾಗಿ ಹುಟ್ಟಿಸಿಲ್ಲ ಅಂತ ಆಲ್ಕಿಡಮಾಸ್ ಅನ್ನೋ ಗ್ರೀಕನೇ ಹೇಳಿದ್ದ. ಹುಟ್ಟಾ ಗುಲಾಮರು ಇದ್ದಾರೆ ಅಂತ ವಾದಿಸಿದ ಅರಿಸ್ಟಾಟಲ್ಲೇ, ಗುಲಾಮಗಿರಿ ನಿಸರ್ಗಕ್ಕೆ ವಿರುದ್ಧ ಅನ್ನೋರೂ ಇದ್ದಾರೆ ಅಂತ ದಾಖಲಿಸಿದ್ದಾನೆ. ಅಂದರೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದರು.

413ರಲ್ಲಿ ಸ್ಪಾರ್ಟಾದ ಸೈನ್ಯ ಡೆಸಿಲಿಯಾದಲ್ಲಿ ಕೋಟೆ ಹಾಕಿ ಕೂತಿತು. ಆಗ ಅಥೆನ್ಸಿನಿಂದ ಓಡಿಹೋದ ಗುಲಾಮರು 20,000ಕ್ಕೂ ಹೆಚ್ಚು, ಅದರಲ್ಲಿ ಬಹುಪಾಲು ಕಸುಬುದಾರರು ಅಂತ ಬರೆದವನು ಅಥೆನ್ಸಿನವನೇ ಆದ ಥುಸಿಡಿಡಿಸ್. ಅವರೂ ಆ ಕಾಲದವರೇ ಅಲ್ವಾ?