ಒಂದೇ ಲೆನ್ಸು, ಹಲವು ಕೆಲಸ

ಮಗನೋ ಮಗಳೋ ಪತ್ರಿಕೋದ್ಯಮಕ್ಕೆ, ದೃಶ್ಯಕಲೆಗೆ ಸೇರಿದ ಮನೆಗಳಲ್ಲಿ ಹೊಸದೊಂದು ಖರ್ಚಿನ ಮಾತು ಏಳುತ್ತದೆ. ಕ್ಯಾಮೆರಾ ಬೇಕು. ಹಿರಿಯ ವಿದ್ಯಾರ್ಥಿಗಳು ‘ಕೊಳ್ಳುವುದಾದರೆ ಫುಲ್ ಫ್ರೇಮ್ ಕೊಳ್ಳಿ’ ಎಂದು ಹೇಳಿಬಿಟ್ಟಿರುತ್ತಾರೆ. ಅಪ್ಪ ಅಮ್ಮ ಹೇಗೋ ಹಣ ಹೊಂದಿಸಿ ಅಂಗಡಿಗೆ ಹೋದ ಮೇಲೆ ತಿಳಿಯುತ್ತದೆ, ಅಲ್ಲಿಯವರೆಗೆ ವಿಚಾರಿಸಿದ್ದು ಬರಿಯ ಬಾಡಿಯ ಬೆಲೆ ಎಂದು. ಅದರ ಕಣ್ಣಾದ ಲೆನ್ಸಿಗೆ ಬೇರೆ ದುಡ್ಡು ಕೊಡಬೇಕು. ಅದು ಬಾಡಿಯ ಬೆಲೆಯನ್ನು ಮೀರುವುದೂ ಉಂಟು. ಅಂಗಡಿಯವನು ಮೇಜಿನ ಮೇಲೆ ನಾಲ್ಕು ಝೂಮ್ ಲೆನ್ಸುಗಳನ್ನು ಸಾಲಾಗಿ ಇಡುತ್ತಾನೆ. ಕೈಯಲ್ಲಿರುವುದು ಒಂದಕ್ಕೆ ಮಾತ್ರ ಸಾಕಾಗುವ ಹಣ. ಯಾವುದನ್ನು ಆರಿಸುವುದು?

ಈ ಪ್ರಶ್ನೆಗೆ ಉತ್ತರ ಜಾಹೀರಾತಿನಲ್ಲಿಲ್ಲ. ಹೈಸ್ಕೂಲಿನ ಭೌತವಿಜ್ಞಾನ ಮತ್ತು ರೇಖಾಗಣಿತದ ಪುಸ್ತಕಗಳಲ್ಲಿದೆ. ಸಮರೂಪ ತ್ರಿಭುಜಗಳು ಪರೀಕ್ಷೆಯಾಚೆ ಯಾವ ಉಪಯೋಗಕ್ಕೆ ಬರುತ್ತವೆ ಎಂದು ಕೇಳುವ ಮಕ್ಕಳಿಗೆ ಇದೊಂದು ಒಳ್ಳೆಯ ಉದಾಹರಣೆ.

ಮೈಮೇಲಿನ ಅಂಕಿಗಳು

ಲೆನ್ಸಿನ ಮೈಮೇಲೆ ‘24–105 ಮಿ.ಮೀ., ಎಫ್/4’ ಎಂಬಂಥ ಬರಹವಿರುತ್ತದೆ. ಮೊದಲ ಎರಡು ಅಂಕಿಗಳು ಸಂಗಮದೂರವನ್ನು ಸೂಚಿಸುತ್ತವೆ. ಪೀನ ಮಸೂರದ ಮೂಲಕ ಸೂರ್ಯನ ಬೆಳಕನ್ನು ಕಾಗದದ ಮೇಲೆ ಚುಕ್ಕೆಯಾಗಿಸಿದಾಗ ಮಸೂರಕ್ಕೂ ಕಾಗದಕ್ಕೂ ಇರುವ ಅಂತರವೇ ಸಂಗಮದೂರ. ಒಂಟಿ ಮಸೂರದಲ್ಲಿ ಅದು ಬದಲಾಗದು. ಝೂಮ್ ಲೆನ್ಸಿನೊಳಗೆ ಮಾತ್ರ ಪೀನ ಮತ್ತು ನಿಮ್ನ ಮಸೂರಗಳ ಗುಂಪುಗಳಿದ್ದು, ಉಂಗುರ ತಿರುಗಿಸಿದಾಗ ಅವುಗಳ ನಡುವಿನ ಅಂತರ ಬದಲಾಗುತ್ತದೆ. ಒಟ್ಟು ಕೂಟದ ಸಂಗಮದೂರವೂ ಅದರೊಂದಿಗೆ ಬದಲಾಗುತ್ತದೆ.

ಇನ್ನು ಫುಲ್ ಫ್ರೇಮ್. ಚಿತ್ರವನ್ನು ಹಿಡಿಯುವ ಸೆನ್ಸರಿನ ಅಳತೆ 36×24 ಮಿ.ಮೀ. ಎಂದಷ್ಟೇ ಇದರ ಅರ್ಥ. ಈ ಅಳತೆ ಡಿಜಿಟಲ್ ಯುಗದ್ದಲ್ಲ. ಜರ್ಮನಿಯ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಸಿನಿಮಾದ ಒಂದು ಚೌಕಟ್ಟಿನ ಎರಡರಷ್ಟು ಜಾಗವನ್ನು ಒಂದು ಸ್ಥಿರಚಿತ್ರಕ್ಕೆ ಕೊಟ್ಟ. ಆತ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂತು. ಅಂದಿನ ಆ ಚೌಕಟ್ಟೇ ಇಂದಿನ ಫುಲ್ ಫ್ರೇಮ್. ಅಂಥ ಸ್ಥಿರಚಿತ್ರ ಕ್ಯಾಮೆರಾಕ್ಕೆಂದೇ ಮೊದಲ ಝೂಮ್ ಲೆನ್ಸು ಬಂದದ್ದು 1959ರಲ್ಲಿ. ಫೋಗ್ಟ್‌ಲೆಂಡರ್ ಸಂಸ್ಥೆಯ ‘ಝೂಮರ್’ ಎಂಬ ಆ ಲೆನ್ಸಿನ ವ್ಯಾಪ್ತಿ 36ರಿಂದ 82 ಮಿ.ಮೀ. ಮಾತ್ರ.

ಎಷ್ಟು ಅಗಲ ಕಾಣುತ್ತದೆ?

ಸೆನ್ಸರಿನ ಅಗಲ 36 ಮಿ.ಮೀ., ಅದರ ಮುಂದೆ ಸಂಗಮದೂರದಷ್ಟು ಅಂತರದಲ್ಲಿ ಲೆನ್ಸು. ಲೆನ್ಸಿನ ಆಚೆಗೆ ದೃಶ್ಯ. ಎರಡು ಕಡೆಯ ತ್ರಿಭುಜಗಳೂ ಸಮರೂಪ. ಆದ್ದರಿಂದ ಚಿತ್ರದಲ್ಲಿ ಸಿಗುವ ದೃಶ್ಯದ ಅಗಲ ತಿಳಿಯಲು ದೃಶ್ಯದ ದೂರವನ್ನು 36ರಿಂದ ಗುಣಿಸಿ ಸಂಗಮದೂರದಿಂದ ಭಾಗಿಸಿದರೆ ಸಾಕು.

ಹತ್ತು ಮೀಟರ್ ದೂರದಲ್ಲಿ ಒಂದು ಗೋಡೆ ಇದೆ ಎನ್ನಿ. 24 ಮಿ.ಮೀ. ಲೆನ್ಸು ಅದರಲ್ಲಿ 15 ಮೀಟರ್ ಅಗಲವನ್ನು ಹಿಡಿಯುತ್ತದೆ. 28 ಮಿ.ಮೀ. ಹಿಡಿಯುವುದು ಸುಮಾರು 12.9 ಮೀಟರ್. 50 ಮಿ.ಮೀ.ಗೆ 7.2 ಮೀಟರ್, 105ಕ್ಕೆ ಸುಮಾರು 3.4 ಮೀಟರ್, 200ಕ್ಕೆ 1.8 ಮೀಟರ್. ಕೊನೆಯ ಕಡೆಯಲ್ಲಿ ನೂರು ಮಿ.ಮೀ. ಹೆಚ್ಚಾದರೂ ಅಷ್ಟೇನೂ ಅನ್ನಿಸುವುದಿಲ್ಲ. ಮೊದಲ ಕಡೆಯಲ್ಲಿ ನಾಲ್ಕೇ ಮಿ.ಮೀ. ವ್ಯತ್ಯಾಸಕ್ಕೆ ಎರಡು ಮೀಟರ್ ಗೋಡೆ ಹೊರಗುಳಿಯುತ್ತದೆ. 24ರಿಂದ ಶುರುವಾಗುವ ಲೆನ್ಸೋ 28ರಿಂದ ಶುರುವಾಗುವುದೋ ಎಂಬುದು ಸಣ್ಣ ವಿಷಯವಲ್ಲ. ಚಿಕ್ಕ ಕೋಣೆಯಲ್ಲಿ ತರಗತಿಯ ಚಿತ್ರ ತೆಗೆಯುವವನಿಗೆ ಹಿಂದಕ್ಕೆ ಸರಿಯಲು ಗೋಡೆ ಬಿಡುವುದಿಲ್ಲ.

ಬೆಳಕಿನ ಲೆಕ್ಕ

‘ಎಫ್’ ನಂತರದ ಅಂಕಿ ಅಪರ್ಚರಿನದು, ಎಂದರೆ ಬೆಳಕು ಒಳಬರುವ ಕಿಂಡಿಯದು. ಸಂಗಮದೂರವನ್ನು ಈ ಅಂಕಿಯಿಂದ ಭಾಗಿಸಿದರೆ ಕಿಂಡಿಯ ವ್ಯಾಸ ಬರುತ್ತದೆ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಬೆಳಕಿನ ಪ್ರಮಾಣ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ಎಫ್/2.8 ಲೆನ್ಸು ಎಫ್/4ಕ್ಕಿಂತ ಎರಡು ಪಟ್ಟು, ಎಫ್/6.3ಕ್ಕಿಂತ ಸುಮಾರು ಐದು ಪಟ್ಟು ಬೆಳಕನ್ನು ಸೆನ್ಸರಿಗೆ ತಲುಪಿಸುತ್ತದೆ.

ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಭರತನಾಟ್ಯ ನಡೆದಿದೆ. ಎಫ್/2.8ರಲ್ಲಿ ಸೆಕೆಂಡಿನ 250ನೇ ಒಂದು ಭಾಗದಷ್ಟು ವೇಗದ ಶಟರಿಗೆ ಬೆಳಕು ಸಾಲುತ್ತದೆ ಎಂದಿಟ್ಟುಕೊಳ್ಳಿ. ಅದೇ ಬೆಳಕಿನಲ್ಲಿ, ಐಎಸ್‌ಒ ಬದಲಿಸದೆ, ಎಫ್/4ಕ್ಕೆ 125ನೇ ಒಂದು ಭಾಗ ಬೇಕು. ಎಫ್/6.3ಕ್ಕೆ ಸುಮಾರು 50ನೇ ಒಂದು ಭಾಗ ಬೇಕಾಗುತ್ತದೆ. ಅಷ್ಟು ಹೊತ್ತಿನಲ್ಲಿ ಹುಡುಗಿಯ ಕೈ ಅಲುಗಿಬಿಡುತ್ತದೆ, ಚಿತ್ರದಲ್ಲಿ ಬೆರಳುಗಳ ಬದಲು ಬಿಳಿಯ ಮಸುಕು ಉಳಿಯುತ್ತದೆ. ಇಲ್ಲೊಂದು ತಪ್ಪು ತಿಳಿವಳಿಕೆ ಸಾಮಾನ್ಯ. ಲೆನ್ಸಿನಲ್ಲಿ ಕಂಪನ ತಡೆಯುವ ವ್ಯವಸ್ಥೆ ಇದೆಯಲ್ಲ ಎನ್ನುತ್ತಾರೆ. ಅದು ತಡೆಯುವುದು ಚಿತ್ರ ತೆಗೆಯುವವನ ಕೈನಡುಕವನ್ನು, ಕುಣಿಯುವವಳ ಚಲನೆಯನ್ನಲ್ಲ. ಐಎಸ್‌ಒ ಏರಿಸಿ ಶಟರಿನ ವೇಗ ಉಳಿಸಿಕೊಳ್ಳಬಹುದು. ಆಗ ಚಿತ್ರದಲ್ಲಿ ಕಾಳುಕಾಳು ಹೆಚ್ಚುತ್ತದೆ.

ಎಲ್ಲವೂ ಒಂದರಲ್ಲೇ ಏಕಿಲ್ಲ?

24ರಿಂದ 240ರವರೆಗೆ ಹೋಗುವ, ಎಲ್ಲೆಡೆ ಎಫ್/2.8 ಇರುವ ಲೆನ್ಸು ಸಿಕ್ಕಿದ್ದರೆ ಈ ಚಿಂತೆಯೇ ಇರುತ್ತಿರಲಿಲ್ಲ. ಲೆಕ್ಕ ಹಾಕಿ. 240ನ್ನು 2.8ರಿಂದ ಭಾಗಿಸಿದರೆ ಸುಮಾರು 86 ಮಿ.ಮೀ. ಮುಂದಿನ ಗಾಜು ಕನಿಷ್ಠ ಅಷ್ಟು ಅಗಲವಿರಬೇಕು. ಅದನ್ನು ಹೊರಲು ತೋಳು ಗಟ್ಟಿ ಇರಬೇಕು, ಕೊಳ್ಳಲು ಜೇಬು ಇನ್ನೂ ಗಟ್ಟಿ ಇರಬೇಕು. ಆದ್ದರಿಂದ ಕ್ಯಾನನ್‌ನ 24–240 ಲೆನ್ಸು ಉದ್ದದ ತುದಿಯಲ್ಲಿ ಎಫ್/6.3ಕ್ಕೆ ಇಳಿಯುತ್ತದೆ. ಆಗ ಕಿಂಡಿ 38 ಮಿ.ಮೀ. ಇದ್ದರೆ ಸಾಕು.

ನಿಕಾನ್‌ನ ಝಡ್ ಸರಣಿಯ ಮೂರು ಲೆನ್ಸುಗಳನ್ನು ತೂಗಿ ನೋಡಿದರೆ ಈ ಚೌಕಾಸಿ ಸ್ಪಷ್ಟವಾಗುತ್ತದೆ. 2019ರಲ್ಲಿ ಬಂದ 24–70 ಎಫ್/2.8 ಲೆನ್ಸಿನ ತೂಕ 805 ಗ್ರಾಂ. 24–120 ಎಫ್/4 ತೂಗುವುದು 630 ಗ್ರಾಂ. 24–200 ಎಫ್/4–6.3 ಇವೆರಡಕ್ಕಿಂತ ದೂರ ನೋಡಿದರೂ ತೂಕ 570 ಗ್ರಾಂ ಮಾತ್ರ. ದೂರವನ್ನು ಗಳಿಸಿದ್ದು ಬೆಳಕನ್ನು ಬಿಟ್ಟುಕೊಟ್ಟು. ಝೂಮ್ ವ್ಯಾಪ್ತಿ ಹಿಗ್ಗಿದಷ್ಟೂ ಅಂಚಿನ ಸ್ಪಷ್ಟತೆ ಕಾಯ್ದುಕೊಳ್ಳುವುದೂ, ನೇರ ಗೆರೆಗಳು ಬಾಗದಂತೆ ನೋಡಿಕೊಳ್ಳುವುದೂ ಕಷ್ಟ. ಬಾಗಿದ್ದನ್ನು ಈಗ ಕ್ಯಾಮೆರಾದೊಳಗಿನ ಗಣಕವೇ ಬಹುಮಟ್ಟಿಗೆ ತಿದ್ದುತ್ತದೆ. ಕಳೆದುಹೋದ ಬೆಳಕನ್ನು ಅದು ತಂದುಕೊಡಲಾರದು.

ಒಬ್ಬ ವಿದ್ಯಾರ್ಥಿಯ ಒಂದು ವರ್ಷ

ವರ್ಷವಿಡೀ ವಿದ್ಯಾರ್ಥಿಯೊಬ್ಬ ಏನೇನು ಚಿತ್ರ ತೆಗೆಯುತ್ತಾನೆ? ತರಗತಿಯ ಗುಂಪು, ಕಾಲೇಜಿನ ವೇದಿಕೆ, ಬೇಲೂರು–ಹಂಪಿ ಪ್ರವಾಸ, ಊರ ಜಾತ್ರೆ, ಬಂಧುಗಳ ಮದುವೆ, ಒಂದಿಷ್ಟು ಹಕ್ಕಿಗಳು.

ಹಂಪಿಯ ಕಲ್ಲಿನ ರಥಕ್ಕೂ ತರಗತಿಯ ಗುಂಪಿಗೂ 24ರಿಂದ 50ರೊಳಗಿನ ವ್ಯಾಪ್ತಿ ಸಾಕು. ಬೇಲೂರಿನ ಮದನಿಕೆಯರು ನಿಂತಿರುವುದು ಸೂರಿನ ಕೆಳಗೆ, ಎತ್ತರದಲ್ಲಿ. ನೆಲದಿಂದ ಅವರ ಮುಖ ಹಿಡಿಯಲು ನೂರು ದಾಟಬೇಕು. ಹೊರಗೆ ಹಗಲ ಬೆಳಕು ಧಾರಾಳವಾಗಿರುವುದರಿಂದ ಎಫ್/4, ಎಫ್/6.3 ಯಾವುದಾದರೂ ನಡೆಯುತ್ತದೆ.

ಕಷ್ಟ ಬರುವುದು ವೇದಿಕೆಯಲ್ಲಿ. ಹನ್ನೆರಡು ಮೀಟರ್ ದೂರದ ಆಸನದಿಂದ, ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದರೆ, 1.6 ಮೀಟರ್ ಎತ್ತರದ ನರ್ತಕಿ 70 ಮಿ.ಮೀ.ನಲ್ಲಿ ಚೌಕಟ್ಟಿನ ಕಾಲು ಭಾಗ ಮಾತ್ರ ಕಾಣುತ್ತಾಳೆ. 105ರಲ್ಲಿ ಸುಮಾರು ಐದರಲ್ಲಿ ಎರಡು ಪಾಲು, 200ರಲ್ಲಿ ಮುಕ್ಕಾಲು ಪಾಲು. ಆದರೆ ಇನ್ನೂರಕ್ಕೆ ಹೋಗುವ ಲೆನ್ಸಿಗೆ ಅಲ್ಲಿ ಬೆಳಕು ಸಾಲದು. ಬೆಳಕು ಸಾಲುವ ಲೆನ್ಸು ಅಷ್ಟು ದೂರ ಹೋಗದು. ನಡುವಿನ ದಾರಿ ಕತ್ತರಿಯದು. 24 ಮೆಗಾಪಿಕ್ಸೆಲ್ ಚಿತ್ರ ಎಂದರೆ ಅಡ್ಡಕ್ಕೆ 6000, ಉದ್ದಕ್ಕೆ 4000 ಬಿಂದುಗಳು. 105ರಲ್ಲಿ ತೆಗೆದು ಎರಡು ಕಡೆಯೂ ಅರ್ಧಕ್ಕೆ ಕತ್ತರಿಸಿದರೆ 3000×2000 ಬಿಂದು ಉಳಿಯುತ್ತದೆ. ಇಂಚಿಗೆ 300 ಬಿಂದುವಿನಂತೆ ಹತ್ತು ಇಂಚು ಅಗಲದ ಮುದ್ರಣಕ್ಕೆ ಇಷ್ಟು ಸಾಕು. ಕಡಿಮೆ ಬಿಂದುಗಳನ್ನು ಸಹಿಸಬಹುದು, ಅಲುಗಿದ ಚಿತ್ರವನ್ನು ಏನು ಮಾಡಿಯೂ ಸರಿಪಡಿಸಲಾಗದು.

ಹಕ್ಕಿಗಳ ವಿಷಯದಲ್ಲಿ ಆಸೆ ಇಟ್ಟುಕೊಳ್ಳದಿರುವುದೇ ಲೇಸು. ಮೂವತ್ತು ಮೀಟರ್ ದೂರದ ಮರದಲ್ಲಿ ಕುಳಿತ, ಹೆಚ್ಚುಕಡಿಮೆ ಒಂದು ಮೀಟರ್ ಎತ್ತರದ ಬಣ್ಣದ ಕೊಕ್ಕರೆಯನ್ನು 105 ಮಿ.ಮೀ.ನಲ್ಲಿ ತೆಗೆದರೆ ಚೌಕಟ್ಟಿನ ಅಗಲವೇ ಹತ್ತು ಮೀಟರ್. ಹಕ್ಕಿ ಎಲ್ಲಿದೆ ಎಂದು ತೋರಿಸಬೇಕಾಗುತ್ತದೆ. 200ರಲ್ಲೂ ಐದೂವರೆ ಮೀಟರ್. ಊರ ಮರಗಳಲ್ಲೇ ಕೊಕ್ಕರೆಗಳು ಗೂಡು ಕಟ್ಟುವ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಂಥ ಕಡೆ ಹತ್ತಿರದಿಂದ ಪ್ರಯತ್ನಿಸಬಹುದು. ಉಳಿದೆಡೆ ಅದು ಬೇರೆಯದೇ ಲೆನ್ಸಿನ ಕೆಲಸ.

ಈ ಲೆಕ್ಕವನ್ನೆಲ್ಲ ಕೂಡಿಸಿದರೆ ತೀರ್ಮಾನ ಹೀಗೆ. ಒಂದೇ ಲೆನ್ಸು, ಹಲವು ಬಗೆಯ ಕೆಲಸ ಎನ್ನುವವರಿಗೆ 24–105 ಅಥವಾ 24–120, ಎಫ್/4 ಸೂಕ್ತ. ಕ್ಯಾನನ್, ಸೋನಿ, ನಿಕಾನ್ ಮೂವರಲ್ಲೂ ಈ ವರ್ಗದ ಲೆನ್ಸಿದೆ. ಮದುವೆ, ನಾಟಕ, ಸಭಾಂಗಣಗಳೇ ಮುಖ್ಯ, ಆ ಕೆಲಸದಿಂದ ನಾಲ್ಕು ಕಾಸು ಸಂಪಾದನೆಯೂ ಆಗಬೇಕು ಎನ್ನುವವರು 24–70 ಎಫ್/2.8ಕ್ಕೆ ಹಣ ಕೂಡಿಡಬೇಕು. ಹಗಲಿನಲ್ಲಿ ಬೆಟ್ಟ ಹತ್ತುವವರಿಗೆ, ಪ್ರವಾಸಿಗಳಿಗೆ 24–200 ಹಗುರ, ಸಾಕು ಕೂಡ.

ಕೊಳ್ಳುವ ಮುನ್ನ

ಮೂರು ಎಚ್ಚರಿಕೆಗಳು. ಮೊದಲನೆಯದು, ಪ್ರತಿ ಕಂಪನಿಯ ಲೆನ್ಸು ಕೂರುವ ಬಾಯಿ ಬೇರೆ. ಬಾಡಿಯನ್ನು ಜೊತೆಗೊಯ್ದು ಹಾಕಿಯೇ ನೋಡಬೇಕು. ಎರಡನೆಯದು, ಚಿಕ್ಕ ಸೆನ್ಸರಿಗೆಂದು ಮಾಡಿದ ಲೆನ್ಸು ಅಗ್ಗವೆಂದು ಕೊಂಡರೆ ಚಿತ್ರದ ಅಂಚು ಕಪ್ಪಾಗುತ್ತದೆ. ಇಲ್ಲವೇ ಕ್ಯಾಮೆರಾ ನಡುವಿನ ಭಾಗವನ್ನು ಮಾತ್ರ ಬಳಸುತ್ತದೆ. 24 ಮೆಗಾಪಿಕ್ಸೆಲ್‌ನಲ್ಲಿ ಹತ್ತರ ಆಸುಪಾಸು ಉಳಿದರೆ ಫುಲ್ ಫ್ರೇಮಿಗೆ ಕೊಟ್ಟ ಹಣ ದಂಡ. ಮೂರನೆಯದು, ಬಳಸಿದ ಲೆನ್ಸು ಕೊಳ್ಳುವಾಗ ಒಂದು ಕಡೆಯಿಂದ ಟಾರ್ಚು ಹಾಕಿ ಇನ್ನೊಂದು ಕಡೆಯಿಂದ ನೋಡಬೇಕು. ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದರ ಕಾಟ ಹೆಚ್ಚು. ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟರೆ ಲೆನ್ಸು ಉಳಿಯುತ್ತದೆ.

ಮಾಡಿ ನೋಡಿ

ಹಣ ಕೊಡುವ ಮೊದಲು ಬಿಡಿಕಾಸಿನ ಪ್ರಯೋಗವೊಂದಿದೆ. ಒಂದು ರಟ್ಟಿನಲ್ಲಿ 18 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರದ ಕಿಟಕಿ ಕತ್ತರಿಸಿ. ಒಂದು ಕಣ್ಣು ಮುಚ್ಚಿ, ರಟ್ಟನ್ನು ಇನ್ನೊಂದು ಕಣ್ಣಿನಿಂದ 12 ಸೆಂ.ಮೀ. ದೂರದಲ್ಲಿ ಹಿಡಿಯಿರಿ. ಕಿಟಕಿಯಲ್ಲಿ ಕಾಣುವಷ್ಟೇ ದೃಶ್ಯ 24 ಮಿ.ಮೀ. ಲೆನ್ಸಿಗೆ ಕಾಣುತ್ತದೆ. 25 ಸೆಂ.ಮೀ.ಗೆ ಸರಿಸಿದರೆ 50 ಮಿ.ಮೀ., 35ಕ್ಕೆ ಸರಿಸಿದರೆ 70. ಕೈಯನ್ನು ಚಾಚಿ 52 ಸೆಂ.ಮೀ. ಮಾಡಿದರೆ 105ರ ಹತ್ತಿರ. ಇನ್ನೂರು ಬೇಕೆಂದರೆ ಒಂದು ಮೀಟರ್ ದೂರದಲ್ಲಿ ತಮ್ಮನೋ ತಂಗಿಯೋ ಹಿಡಿದು ನಿಲ್ಲಬೇಕು.

ಈ ರಟ್ಟನ್ನು ಒಂದು ವಾರ ಚೀಲದಲ್ಲಿಟ್ಟುಕೊಂಡು ಓಡಾಡಿ. ಮೆಚ್ಚಿದ ದೃಶ್ಯ ಕಂಡಾಗಲೆಲ್ಲ ಕಿಟಕಿ ಹಿಡಿದು, ದೂರವನ್ನು ಅಳೆದು, ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಲ್ಲಿ ಬೆಳಕು ಎಷ್ಟಿತ್ತು, ಎದುರಿಗಿದ್ದವರು ಚಲಿಸುತ್ತಿದ್ದರೇ ಎಂಬುದನ್ನೂ ಸೇರಿಸಿ. ವಾರದ ಕೊನೆಗೆ ಆ ಪುಟವನ್ನು ಅಪ್ಪ ಅಮ್ಮನ ಮುಂದಿಡಿ. ಅಂಗಡಿಯ ಮೇಜಿನ ಮೇಲಿನ ನಾಲ್ಕರಲ್ಲಿ ಬೇಡವಾದ ಮೂರು ಯಾವುವು ಎಂಬುದನ್ನು ಆ ಪುಟ ಹೇಳುತ್ತದೆ.