ಅಟ್ಟದಿಂದ ಕಂಡ ನಾನು

ಒಂಬತ್ತನೇ ತರಗತಿಯ ಹುಡುಗನೊಬ್ಬ ಒಂದು ವಾರದಿಂದ ಮೊದಲನೇ ಪೀರಿಯಡ್‌ನಲ್ಲೇ ತೂಕಡಿಸುತ್ತಿದ್ದ. ನನ್ನ ಪಾಠಕ್ಕೆ ಮಕ್ಕಳು ತೂಕಡಿಸುವುದು ಹೊಸದೇನಲ್ಲ. ಸುಮಾರು ಮೂವತ್ತು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ಆದರೆ ಇವನು ಪ್ರಶ್ನೆ ಕೇಳುವ ಜಾತಿಯ ಹುಡುಗ. ಸ್ಟಾಫ್ ರೂಮಿಗೆ ಕರೆದು ವಿಚಾರಿಸಿದೆ. ಸ್ವಲ್ಪ ಹೊತ್ತು ನೆಲ ನೋಡುತ್ತಾ ನಿಂತವನು ಕೊನೆಗೆ ಬಾಯಿಬಿಟ್ಟ.

'ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಪ್ರಾಕ್ಟೀಸ್ ಮಾಡ್ತಿದ್ದೀನಿ ಸಾರ್. ಮೈಯಿಂದ ಆಚೆ ಬರೋದು.'

ಅಣ್ಣನ ಮೊಬೈಲಿನಲ್ಲಿ ಒಂದು ಇಂಗ್ಲಿಷ್ ದೆವ್ವದ ಸಿನಿಮಾ ನೋಡಿದನಂತೆ. ಅದರಲ್ಲಿ ಇವನಿಗಿಂತ ಚಿಕ್ಕ ಹುಡುಗನೊಬ್ಬ ನಿದ್ದೆಯಲ್ಲಿ ದೇಹವನ್ನು ಹಾಸಿಗೆಯಲ್ಲೇ ಬಿಟ್ಟು ತಿರುಗಾಡಲು ಹೋಗುತ್ತಾನಂತೆ. 'ಆಯ್ತಪ್ಪಾ, ಆಚೆ ಬಂದ ಮೇಲೆ ಎಲ್ಲಿಗೆ ಹೋಗಬೇಕು ಅಂತಿದ್ದೀಯ?' ಎಂದೆ. ಅವನ ಕಣ್ಣು ತಾನಾಗಿ ಹೆಡ್‌ಮೇಷ್ಟ್ರ ಕೋಣೆಯ ಕಬ್ಬಿಣದ ಬೀರುವಿನ ಕಡೆಗೆ ಹೊರಳಿತು. ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಅದರೊಳಗಿದ್ದವು.

ನನಗೆ ನಗು ತಡೆಯಲಾಗಲಿಲ್ಲ. ಬೈಯಲೂ ಮನಸ್ಸಾಗಲಿಲ್ಲ. ಇಷ್ಟು ನೇರವಾದ ಪ್ರಯೋಗವನ್ನು ಯೋಚಿಸುವುದಕ್ಕೆ ದೊಡ್ಡ ದೊಡ್ಡವರೇ ಬಹಳ ಕಾಲ ತೆಗೆದುಕೊಂಡಿದ್ದಾರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಿನಿಮಾ.

ಅದರ ಹೆಸರು 'ಇನ್‌ಸಿಡಿಯಸ್'. ಒಳಗೊಳಗೇ ಸದ್ದಿಲ್ಲದೆ ಹರಡಿಕೊಳ್ಳುವ ಕೇಡಿಗೆ ಈ ಪದ ಬಳಸುತ್ತಾರೆ. ಸುಳಿವು ಕೊಡದೆ ಬೆಳೆಯುವ ಕಾಯಿಲೆಗೆ ಡಾಕ್ಟರುಗಳೂ ಇದೇ ಪದ ಹೇಳುತ್ತಾರೆ. ನಿರ್ದೇಶಕ ಜೇಮ್ಸ್ ವಾನ್ ಮಲೇಷ್ಯಾದ ಕೂಚಿಂಗ್‌ನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದವರು. ಕಥೆ ಬರೆದ ಲೀ ವಾನೆಲ್ ಮೆಲ್ಬರ್ನ್‌ನ ಕಾಲೇಜು ದಿನಗಳ ಗೆಳೆಯ. ಇದೇ ಜೋಡಿ 2004ರಲ್ಲಿ 'ಸಾ' ಎಂಬ ರಕ್ತಸಿಕ್ತ ಚಿತ್ರ ಮಾಡಿ ಹೆಸರು, ಕೆಟ್ಟ ಹೆಸರು ಎರಡನ್ನೂ ಸಂಪಾದಿಸಿತ್ತು. 'ಇನ್‌ಸಿಡಿಯಸ್' 2010ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ಕಂಡಿತು, 2011ರ ಏಪ್ರಿಲ್ 1ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ತಗುಲಿದ ಖರ್ಚು ಸುಮಾರು 15 ಲಕ್ಷ ಡಾಲರ್, ಹಾಲಿವುಡ್ ಲೆಕ್ಕದಲ್ಲಿ ಕಾಫಿ ತಿಂಡಿ ಖರ್ಚು. ಗಳಿಸಿದ್ದು 10 ಕೋಟಿ ಡಾಲರಿನ ಆಸುಪಾಸು. ಮುಂದೆ ಅದಕ್ಕೆ ನಾಲ್ಕು ಬಾಲಗಳೂ ಬೆಳೆದವು; ನಾಲ್ಕನೆಯದು ಬಂದದ್ದು 2023ರಲ್ಲಿ.

ಹುಡುಗನ ಜೊತೆ ವಾದ ಮಾಡಬೇಕಾದರೆ ನಾನೂ ನೋಡಿರಬೇಕಲ್ಲ. ಭಾನುವಾರ ರಾತ್ರಿ ಮಗಳ ಲ್ಯಾಪ್‌ಟಾಪಿನಲ್ಲಿ ನೋಡಿದೆ. ವಿಜ್ಞಾನದ ಮೇಷ್ಟ್ರು ಎಂದು ಸುಳ್ಳು ಹೇಳಬಾರದು: ಎರಡು ಕಡೆ ಬೆಚ್ಚಿಬಿದ್ದೆ. ಒಮ್ಮೆ ಕೈಯಲ್ಲಿದ್ದ ಕಡಲೆಕಾಯಿ ಚೆಲ್ಲಿತು.

ಕಥೆ ಇಷ್ಟು. ಗಂಡ, ಹೆಂಡತಿ, ಮೂರು ಮಕ್ಕಳ ಸಂಸಾರ ಹೊಸ ಮನೆಗೆ ಬರುತ್ತದೆ. ದೊಡ್ಡ ಮಗ ಡಾಲ್ಟನ್ ಅಟ್ಟದ ಮೇಲೆ ಏಣಿಯಿಂದ ಬೀಳುತ್ತಾನೆ. ದೊಡ್ಡ ಪೆಟ್ಟೇನಿಲ್ಲ. ಆದರೆ ಮರುದಿನ ಬೆಳಿಗ್ಗೆ ಅವನು ಏಳುವುದಿಲ್ಲ. ಮಿದುಳಿಗೆ ಏನೂ ಆಗಿಲ್ಲ, ಆದರೂ ಏಕೆ ಏಳುತ್ತಿಲ್ಲ ಗೊತ್ತಿಲ್ಲ ಎನ್ನುತ್ತಾರೆ ಡಾಕ್ಟರು. ಮೂರು ತಿಂಗಳಾದ ಮೇಲೆ ಮಲಗಿದ ಮಗುವನ್ನು ಹಾಗೇ ಮನೆಗೆ ತರುತ್ತಾರೆ. ಅಲ್ಲಿಂದ ಮನೆಯಲ್ಲಿ ಸದ್ದು, ನೆರಳು, ಯಾರೋ ಪಿಸುಗುಟ್ಟುವುದು. ಮನೆ ಬದಲಾಯಿಸುತ್ತಾರೆ (ದೆವ್ವದ ಸಿನಿಮಾಗಳಲ್ಲಿ ಇಷ್ಟು ಬುದ್ಧಿ ಉಪಯೋಗಿಸುವವರು ಅಪರೂಪ). ಕಾಟ ಅಲ್ಲಿಗೂ ಬರುತ್ತದೆ. ಕೊನೆಗೆ ಎಲೀಸ್ ಎಂಬ ವಯಸ್ಸಾದ ಹೆಂಗಸು ಬಂದು ಹೇಳುವುದು ಇದು: ಭೂತ ಹಿಡಿದಿರುವುದು ಮನೆಗಲ್ಲ, ಮಗನಿಗೆ. ಅವನು ಹುಟ್ಟಿನಿಂದಲೇ ನಿದ್ದೆಯಲ್ಲಿ ದೇಹದಿಂದ ಆಚೆ ಹೋಗಬಲ್ಲವನು. ಅದನ್ನು ಕನಸು ಎಂದುಕೊಂಡು, ಹೆದರಿಕೆಯಿಲ್ಲದೆ, ತೀರಾ ದೂರ ಹೋಗಿಬಿಟ್ಟಿದ್ದಾನೆ. ಖಾಲಿ ಬಿದ್ದಿರುವ ದೇಹಕ್ಕೆ ನುಗ್ಗಲು ಸತ್ತವರು ಕ್ಯೂ ನಿಂತಿದ್ದಾರೆ. ಮಗನನ್ನು ಕರೆತರಲು ಅಪ್ಪ ಕೈಯಲ್ಲಿ ಲಾಟೀನು ಹಿಡಿದು ಆ ಕತ್ತಲ ಲೋಕಕ್ಕೆ ಹೋಗುತ್ತಾನೆ. ಕರೆತರುತ್ತಾನೆಯೇ ಎಂಬುದನ್ನು ಹೇಳಿದರೆ ನೋಡದವರಿಗೆ ಅನ್ಯಾಯ.

ದುಡ್ಡು ಕಡಿಮೆ ಇದ್ದದ್ದೇ ಈ ಚಿತ್ರದ ಪುಣ್ಯ ಎನ್ನಿಸುತ್ತದೆ. ಕಂಪ್ಯೂಟರಿನ ಮಾಯಾಜಾಲಕ್ಕೆ ಹೆಚ್ಚು ಕಾಸಿಲ್ಲ. ಆದ್ದರಿಂದ ಬಾಗಿಲ ಕಿರುಗುಟ್ಟುವಿಕೆ, ಪಿಟೀಲಿನ ಕೀರಲು, ಪರದೆಯ ಹಿಂದೆ ನಿಂತ ಒಬ್ಬ ಮನುಷ್ಯ, ಇಷ್ಟರಲ್ಲೇ ಕೆಲಸ ತೆಗೆದಿದ್ದಾರೆ. ಸಂಗೀತ ಕೊಟ್ಟ ಜೋಸೆಫ್ ಬಿಶಾರ ಅವರೇ ಮುಖಕ್ಕೆ ಕೆಂಪು ಬಳಿದುಕೊಂಡು ಪಿಶಾಚಿಯ ಪಾತ್ರವನ್ನೂ ಮಾಡಿದ್ದಾರೆ. ನಮ್ಮ ಊರಿನ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಹಾಗೇ ಎದ್ದು ಬಂದು ಯಮನ ವೇಷ ಕಟ್ಟುತ್ತಿದ್ದುದು ನೆನಪಾಯಿತು. ಮೊದಲ ಮುಕ್ಕಾಲು ಗಂಟೆ ಬಹಳ ಚೆನ್ನಾಗಿದೆ. ಕತ್ತಲ ಲೋಕವನ್ನು ತೆರೆದು ತೋರಿಸಿದ ಮೇಲೆ ಹೊಗೆಯೇ ಜಾಸ್ತಿಯಾಗಿ ಭಯ ಕಡಿಮೆಯಾಗುತ್ತದೆ.

ಎಲೀಸ್ ಹೇಳುವ ಈ 'ಆಸ್ಟ್ರಲ್' ದೇಹದ ಮಾತಿಗೂ ನಮಗೂ ಒಂದು ನಂಟಿದೆ. ಪಶ್ಚಿಮದ ಜನಸಾಮಾನ್ಯರಲ್ಲಿ ಈ ಕಲ್ಪನೆಯನ್ನು ಹರಡಿದವರಲ್ಲಿ ಮುಖ್ಯರು ಥಿಯಾಸಫಿಕಲ್ ಸೊಸೈಟಿಯವರು. 1875ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಆ ಸಂಸ್ಥೆ 1882ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನೆಲೆಸಿತು. ನಮ್ಮ ಸ್ಥೂಲ ಶರೀರ, ಸೂಕ್ಷ್ಮ ಶರೀರಗಳ ಮಾತು ಅವರ ಪುಸ್ತಕಗಳೊಳಗೆ ಸೇರಿಕೊಂಡು ಹೊಸ ವೇಷ ತೊಟ್ಟು ಊರೂರು ತಿರುಗಿತು. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆ ನಮಗೆಲ್ಲ ಗೊತ್ತು. ಅಲ್ಲಿಯೂ ಆತಂಕ ಇರುವುದು ಹೊರಗೆ ಹೋದವರ ಬಗ್ಗೆ ಅಲ್ಲ. ಗುಹೆಯಲ್ಲಿ ಬಿಟ್ಟು ಹೋದ ದೇಹವನ್ನು ಶಿಷ್ಯರು ಕಾಯಬೇಕು, ಯಾರಾದರೂ ಸುಟ್ಟುಬಿಟ್ಟರೆ ವಾಪಸು ಬರಲು ಮನೆಯೇ ಇಲ್ಲ. ಲಾಸ್ ಏಂಜಲೀಸ್‌ನಲ್ಲಿ ತೆಗೆದ ಸಿನಿಮಾದ ಭಯವೂ ಅದೇ.

ಇನ್ನು ಪ್ರಯೋಗದ ವಿಷಯ. ಮೈಯಿಂದ ಏನಾದರೂ ಹೊರಗೆ ಹೋಗುವುದಾದರೆ ಅದಕ್ಕೆ ತೂಕವಿರಬೇಕು ಎಂದು ಯೋಚಿಸಿದವರು ಅಮೆರಿಕದ ಡಾಕ್ಟರ್ ಡಂಕನ್ ಮ್ಯಾಕ್‌ಡೂಗಲ್. ಸಾಯುತ್ತಿದ್ದ ಆರು ರೋಗಿಗಳನ್ನು ಹಾಸಿಗೆ ಸಮೇತ ತಕ್ಕಡಿಯ ಮೇಲಿಟ್ಟು 1907ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬರಲ್ಲಿ ಮುಕ್ಕಾಲು ಔನ್ಸ್, ಅಂದರೆ 21 ಗ್ರಾಂ ಇಳಿಯಿತಂತೆ. ಇಬ್ಬರ ಲೆಕ್ಕವನ್ನು ಅವರೇ ಕೈಬಿಟ್ಟರು, ಉಳಿದವರದು ಒಂದಕ್ಕೊಂದು ತಾಳೆಯಾಗಲಿಲ್ಲ. ಆದರೂ ಆತ್ಮದ ತೂಕ 21 ಗ್ರಾಂ ಎಂಬ ಮಾತು ಇವತ್ತಿಗೂ ಓಡಾಡುತ್ತಿದೆ. ನನ್ನ ಲ್ಯಾಬಿನಲ್ಲಿ ಯಾರಾದರೂ ಆರು ರೀಡಿಂಗ್ ತೆಗೆದು ಒಂದನ್ನೇ ರೆಕಾರ್ಡ್ ಬುಕ್ಕಿನಲ್ಲಿ ಬರೆದಿದ್ದರೆ ಪುಟ ಪೂರ್ತಿ ಕೆಂಪು ಶಾಯಿಯಲ್ಲಿ ಗೀಚುತ್ತಿದ್ದೆ.

ನಮ್ಮ ಹುಡುಗನ ಬೀರುವಿನ ಪ್ರಯೋಗ ಇದಕ್ಕಿಂತ ಸಾವಿರ ಪಾಲು ಮೇಲು. ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಟಾರ್ಟ್ ಎಂಬ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಅಧ್ಯಯನ ಅದೇ ಜಾಡಿನದು. ಆಗಾಗ ದೇಹದಿಂದ ಆಚೆ ಬರುತ್ತೇನೆ ಎನ್ನುತ್ತಿದ್ದ ಯುವತಿಯೊಬ್ಬಳನ್ನು ಪ್ರಯೋಗಾಲಯದಲ್ಲಿ ನಾಲ್ಕು ರಾತ್ರಿ ಮಲಗಿಸಿದರು. ಅವಳ ತಲೆಗಿಂತ ಬಹಳ ಮೇಲಿದ್ದ ಷೆಲ್ಫಿನಲ್ಲಿ ಐದು ಅಂಕಿಯ ಒಂದು ಸಂಖ್ಯೆ. ನಾಲ್ಕನೇ ರಾತ್ರಿ ಅವಳು ಅದನ್ನು ಸರಿಯಾಗಿ ಹೇಳಿದಳು! ಆದರೆ ಷೆಲ್ಫಿನ ಮೇಲ್ಗಡೆ ಒಂದು ಗಡಿಯಾರವಿತ್ತು. ಅದರಲ್ಲಿ ಅಂಕಿಗಳು ಪ್ರತಿಫಲಿಸಿರುವ ಸಾಧ್ಯತೆಯನ್ನು ಟಾರ್ಟ್ ಅವರೇ ಮುಂದಿಟ್ಟರು. 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ದೊಡ್ಡದು. ಹೃದಯ ನಿಂತುಹೋಗಿ ಮತ್ತೆ ಬದುಕಿದವರು ಮೇಲಿಂದ ತಮ್ಮನ್ನು ನೋಡಿಕೊಂಡೆವು ಎನ್ನುತ್ತಾರಲ್ಲ, ಅದಕ್ಕಾಗಿ ಸ್ಯಾಮ್ ಪಾರ್ನಿಯಾ ಮತ್ತು ಜೊತೆಗಾರರು ಹದಿನೈದು ಆಸ್ಪತ್ರೆಗಳಲ್ಲಿ ಚಾವಣಿಯಿಂದ ಮಾತ್ರ ಕಾಣುವಂತೆ ಚಿತ್ರಗಳನ್ನು ಇಟ್ಟರು. 2060 ಪ್ರಕರಣಗಳಲ್ಲಿ ಬದುಕುಳಿದು ಮಾತಾಡಲು ಸಿಕ್ಕವರು 140 ಜನ. ಕಂಡದ್ದನ್ನು ವಿವರವಾಗಿ ನೆನಪಿಟ್ಟುಕೊಂಡವರು ಇಬ್ಬರೇ. ಅವರಿಬ್ಬರೂ ಚಿತ್ರವಿಲ್ಲದ ಜಾಗದಲ್ಲಿದ್ದರು.

ನಾನೂ ಸುಮ್ಮನಿರಲಿಲ್ಲ. ಲ್ಯಾಬಿನ ದೊಡ್ಡ ಬೀರುವಿನ ನೆತ್ತಿಯ ಮೇಲೆ ಐದು ಅಂಕಿಯ ಸಂಖ್ಯೆ ಬರೆದ ರಟ್ಟು ಇಟ್ಟು, ಬೀಗ ಹಾಕಿ, ತರಗತಿಯಲ್ಲಿ ಸಾರಿದೆ: 'ಯಾರು ಬೇಕಾದರೂ ರಾತ್ರಿ ಬಂದು ಓದಿಕೊಂಡು ಹೋಗಬಹುದು. ಸರಿಯಾಗಿ ಹೇಳಿದವರಿಗೆ ನನ್ನ ಪಾರ್ಕರ್ ಪೆನ್ನು.' ಪೆನ್ನು ಇನ್ನೂ ನನ್ನ ಜೇಬಿನಲ್ಲಿದೆ.

ಹಾಗಾದರೆ ಮೇಲಿಂದ ತಮ್ಮನ್ನು ಕಂಡೆವು ಎನ್ನುವವರೆಲ್ಲ ಸುಳ್ಳರೇ? ಅಲ್ಲ. ಜಿನೀವಾದ ಆಸ್ಪತ್ರೆಯಲ್ಲಿ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಮೂರ್ಛೆರೋಗದ ಒಬ್ಬ ಮಹಿಳೆಯ ಮಿದುಳನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಪರೀಕ್ಷಿಸುತ್ತಿದ್ದರು. ಬಲಗಿವಿಯ ಹಿಂದೆ, ಸ್ವಲ್ಪ ಮೇಲಕ್ಕೆ ಬರುವ ಒಂದು ಭಾಗಕ್ಕೆ ಅತಿ ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿದಾಗ ಆಕೆಗೆ ಮೊದಲು ಹಾಸಿಗೆಯೊಳಗೆ ಕುಸಿದ ಹಾಗಾಯಿತು. ಪ್ರವಾಹ ಹೆಚ್ಚಿಸಿದಾಗ ಮೇಲೆ ತೇಲುತ್ತಾ ತನ್ನನ್ನೇ ನೋಡುತ್ತಿದ್ದಳು. ಸ್ವಿಚ್ಚು ಆರಿಸಿದರೆ ಕೆಳಕ್ಕೆ! 2002ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಬಂತು. ನನಗೆ ಬಹಳ ಹಿಡಿಸಿದ ವಿವರವೆಂದರೆ, ಮೇಲಿಂದ ಆಕೆಗೆ ಕಂಡದ್ದು ತನ್ನ ಕಾಲುಗಳು ಮತ್ತು ಸೊಂಟದ ಭಾಗ ಮಾತ್ರ. ಮುಖವಿಲ್ಲ. ಒರಗಿ ಮಲಗಿದವರಿಗೆ ತಮ್ಮ ಮೈಯಲ್ಲಿ ಎಷ್ಟು ಕಾಣುತ್ತದೆಯೋ ಹೆಚ್ಚುಕಡಿಮೆ ಅಷ್ಟು.

ಕಣ್ಣು ಒಂದು ಹೇಳುತ್ತದೆ, ಚರ್ಮ ಒಂದು ಹೇಳುತ್ತದೆ, ಒಳಗಿವಿಯ ದ್ರವ ಇನ್ನೊಂದು ಹೇಳುತ್ತದೆ. ಇವನ್ನೆಲ್ಲ ಕೂಡಿಸಿ 'ನಾನು ಇಲ್ಲಿದ್ದೇನೆ' ಎಂದು ಲೆಕ್ಕ ಹಾಕುವ ಗುಮಾಸ್ತೆ ಆ ಜಾಗದಲ್ಲಿದ್ದಾನೆ. ಅವನ ಲೆಕ್ಕ ತಪ್ಪಿಸುವುದು ಎಷ್ಟು ಸುಲಭ ಎಂದು ನೀವೇ ನೋಡಬಹುದು. ಒಂದು ರಬ್ಬರ್ ಗ್ಲೌಸಿಗೆ ಹತ್ತಿ ತುಂಬಿ ಮೇಜಿನ ಮೇಲಿಡಿ. ಪಕ್ಕದಲ್ಲಿ ಹುಡುಗನ ನಿಜವಾದ ಕೈ ಇಡಿಸಿ, ಅದು ಅವನಿಗೆ ಕಾಣದ ಹಾಗೆ ನಡುವೆ ರಟ್ಟು ನಿಲ್ಲಿಸಿ. ಎರಡು ಬಣ್ಣದ ಕುಂಚ ತೆಗೆದುಕೊಂಡು ಎರಡೂ ಕೈಗಳ ಅದೇ ಬೆರಳಿಗೆ, ಅದೇ ಹೊತ್ತಿಗೆ ಸವರುತ್ತಾ ಹೋಗಿ. ಒಂದೆರಡು ನಿಮಿಷದಲ್ಲಿ 'ಗ್ಲೌಸೇ ನನ್ನ ಕೈ ಅನ್ನಿಸ್ತಿದೆ ಸಾರ್' ಎನ್ನುತ್ತಾನೆ. ಆಗ ಹೇಳದೆ ಕೇಳದೆ ಗ್ಲೌಸಿಗೆ ಡಸ್ಟರಿನಿಂದ ಒಂದು ಏಟು ಹಾಕಿ! ನಮ್ಮ ನಿದ್ದೆಯ ಹುಡುಗ ಕುರ್ಚಿಯಿಂದಲೇ ಹಾರಿದ. ಈ ಆಟವನ್ನು ಬಾಟ್ವಿನಿಕ್ ಮತ್ತು ಕೊಹೆನ್ 1998ರಲ್ಲಿ ತೋರಿಸಿಕೊಟ್ಟರು. 2007ರಲ್ಲಿ ಹೆನ್ರಿಕ್ ಎರ್ಸನ್ ಎಂಬುವರು ಕೈ ಮಾತ್ರವಲ್ಲ, ಇಡೀ ಮನುಷ್ಯನನ್ನೇ ಹೀಗೆ ಸ್ಥಳಾಂತರಿಸಿದರು. ಬೆನ್ನ ಹಿಂದೆ ಕ್ಯಾಮೆರಾ, ಕಣ್ಣಿಗೆ ಅದರ ದೃಶ್ಯ ತೋರಿಸುವ ಕನ್ನಡಕ, ಎದೆಗೆ ಮೆಲ್ಲಗೆ ಕೋಲಿನ ತಿವಿತ. ಅಷ್ಟಕ್ಕೇ ಆರೋಗ್ಯವಂತರಿಗೂ ತಾವು ತಮ್ಮ ಹಿಂದೆ ಕೂತಿರುವಂತೆ ಅನ್ನಿಸಿತು.

ಇಷ್ಟನ್ನು ತರಗತಿಯಲ್ಲಿ ಹೇಳಿ ಮುಗಿಸಿದಾಗ ಹುಡುಗ ಎದ್ದು ನಿಂತು ಕೇಳಿದ: 'ನಿಮಗೆ ಯಾವತ್ತಾದ್ರೂ ಆಗಿದೆಯಾ ಸಾರ್?' ಗಂಟೆ ಹೊಡೆದದ್ದರಿಂದ ಬಚಾವಾದೆ. ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತೇನೆ.

ಆಗಿದೆ. 2009ರಲ್ಲಿ ನಮ್ಮ ತಂದೆ ತೀರಿಕೊಂಡ ಹದಿಮೂರನೆಯ ರಾತ್ರಿ. ವಾರಗಟ್ಟಲೆ ಸರಿಯಾಗಿ ನಿದ್ದೆಯಿರಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದೆ, ಆ ಕಡೆ ಗೋಡೆಗೆ ಅಮ್ಮ. ಬೆಳಗಿನ ಜಾವ ಎಚ್ಚರವಾಯಿತು; ಕೈಕಾಲು ಅಲುಗಲಿಲ್ಲ, ಎದೆಯ ಮೇಲೆ ಅಕ್ಕಿಮೂಟೆ ಹೇರಿದ ಹಾಗೆ. ಅಲ್ಲಿಯವರೆಗೆ ಗೊತ್ತಿದ್ದದ್ದೇ. ಕನಸಿನ ನಿದ್ದೆಯಲ್ಲಿ ಮಿದುಳು ಸ್ನಾಯುಗಳಿಗೆ ಬೀಗ ಹಾಕಿರುತ್ತದೆ, ಬೀಗ ತೆಗೆಯುವ ಮುಂಚೆ ಎಚ್ಚರವಾದರೆ ಹೀಗಾಗುತ್ತದೆ ಎಂದು ಪಾಠ ಮಾಡಿದ್ದೇನೆ. ಆದರೆ ಆಮೇಲೆ ನಾನು ಅಟ್ಟದ ಹತ್ತಿರವಿದ್ದೆ. ತಾಮ್ರದ ಹಂಡೆ ಮಗ್ಗುಲಲ್ಲೇ ಇತ್ತು. ಕೆಳಗೆ ಚಾಪೆ, ಚಾಪೆಯ ಮೇಲೆ ನಾನು, ಆಚೆಗೆ ಅಮ್ಮನ ಬಿಳಿ ಕೂದಲು. ಭಯವಿರಲಿಲ್ಲ. ಅಷ್ಟು ಹಗುರವಾಗಿ ನಾನು ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೂ ಇಲ್ಲ.

ಬೆಳಿಗ್ಗೆ ಮುಖ ತೊಳೆಯುವಾಗ ತಲೆಗೆ ನೀರು ತಣ್ಣಗೆ ತಗುಲಿತು. ಆಗ ಹೊಳೆಯಿತು. ಹಿರಿಮಗನಾದ್ದರಿಂದ ಕರ್ಮಕ್ಕೆ ತಲೆ ಬೋಳಿಸಿಕೊಂಡಿದ್ದೆ. ರಾತ್ರಿ ಕೆಳಗೆ ಮಲಗಿದ್ದ 'ನಾನು'ಗೆ ತಲೆ ತುಂಬ ಕೂದಲಿತ್ತು, ಎಡಕ್ಕೆ ಬೈತಲೆ ತೆಗೆದು ಬಾಚಿತ್ತು. ಮೇಲಿಂದ ಯಾರೂ ನೋಡಿರಲಿಲ್ಲ. ಮಿದುಳು ಹಳೆಯ ಫೋಟೊ ಒಂದನ್ನು ತೆಗೆದು ಚಾಪೆಯ ಮೇಲೆ ಅಂಟಿಸಿತ್ತು.

ಕಾಫಿ ಕುಡಿಯುವಾಗ ಅಮ್ಮನಿಗೆ ಹೇಳಿದೆ, ಕೂದಲಿನ ವಿಷಯಕ್ಕೆ ಇನ್ನೂ ಬಂದಿರಲಿಲ್ಲ. ಅವಳು ಲೋಟ ಕೆಳಗಿಟ್ಟು ಕೇಳಿದಳು: 'ಅಷ್ಟು ಮೇಲೆ ಹೋಗಿದ್ದೀಯಲ್ಲ, ಅವರು ಸಿಕ್ಕಿದ್ರಾ?'

ನನ್ನ ಹತ್ತಿರ ಉತ್ತರ ಸಿದ್ಧವಾಗಿತ್ತು. ಕೂದಲಿನ ಸಾಕ್ಷಿಯೂ ಇತ್ತು. 'ಇಲ್ಲಮ್ಮ, ಕತ್ತಲಿತ್ತು' ಎಂದೆ.

ಅವತ್ತಿನಿಂದ ಅವಳು ನಡುಮನೆಯ ದೀಪ ಹಾಕಿಯೇ ಮಲಗಲು ಶುರುಮಾಡಿದಳು. ಯಾಕೆಂದು ನಾನು ಕೇಳಲಿಲ್ಲ. 2018ರಲ್ಲಿ ಅವಳು ಹೋಗುವವರೆಗೂ ಆ ನಲವತ್ತು ವಾಟಿನ ಬಲ್ಬು ರಾತ್ರಿಯಿಡೀ ಉರಿಯುತ್ತಿತ್ತು. ಸುಟ್ಟುಹೋದಾಗಲೆಲ್ಲ ಹೊಸದು ತಂದು ಹಾಕಿದವನು ನಾನೇ.