ಮಗುವಿನ ಎದೆಯ ಸುಂಯ್ ಸದ್ದು ಮತ್ತು ನಮ್ಮ ಹೊಗೆ

ಚಳಿ ಶುರುವಾದರೆ ಸಾಕು, ಮಕ್ಕಳ ಡಾಕ್ಟರ ಮುಂದೆ ಉಮ್ಮಂದಿರ ಸಾಲು. ರಾತ್ರಿಯಿಡೀ ಕೆಮ್ಮು, ಎದೆಯಲ್ಲಿ ಸುಂಯ್ ಸದ್ದು, ಬೆಳಿಗ್ಗೆ ಶಾಲೆಗೆ ರಜೆ. 'ಐಸ್‌ಕ್ರೀಂ ತಿಂದದ್ದಕ್ಕೆ ಶೀತ ಆಗಿದೆ' ಅಂತ ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ಮಗು ಎಂಥ ಗಾಳಿ ಉಸಿರಾಡುತ್ತಿದೆ ಎಂದು ಯಾರೂ ಕೇಳುವುದಿಲ್ಲ.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ 1979ರಲ್ಲಿ ಶೇ. 9ರಷ್ಟು ಮಕ್ಕಳಿಗೆ ಅಸ್ತಮಾ ಇತ್ತು. 1999ರ ಹೊತ್ತಿಗೆ ಅದು ಶೇ. 29.5ಕ್ಕೇರಿತ್ತು. ನಗರ ಬೆಳೆದಂತೆ ಗಾಳಿ ಕೆಟ್ಟದ್ದು ಇದಕ್ಕೆ ದೊಡ್ಡ ಕಾರಣ ಎಂದರು ಅವರು.

ಹಾಗಂತ ಹಳ್ಳಿಯವರು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಮುಸ್ಲಿಂ ಮನೆಗಳು ಬಹಳವಿರುವ ಮಳವಳ್ಳಿ ತಾಲೂಕಿನ ಕಿರುಗಾವಲನ್ನೇ ನೋಡಿ. ಸುತ್ತ ಭತ್ತ, ಕಬ್ಬಿನ ಗದ್ದೆ. ಕಟಾವಾದ ಮೇಲೆ ಕಬ್ಬಿನ ಒಣ ತರಗಿಗೆ ಬೆಂಕಿ ಇಡುವುದು ಆ ಸೀಮೆಯಲ್ಲಿ ರೂಢಿ. ಮಂಡ್ಯ ಜಿಲ್ಲೆಯ ಕೆಲವು ಆಲೆಮನೆಗಳಲ್ಲಿ ಟೈರ್, ಪ್ಲಾಸ್ಟಿಕ್ ಉರಿಸುತ್ತಾರೆಂಬ ದೂರೂ ಹಳೆಯದು. ಚಳಿಯ ಸಂಜೆ ಹೊಗೆ ಮೇಲೇರದೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಗದ್ದೆಯ ಬದು ದಾಟಿ ತೊಟ್ಟಿಲವರೆಗೂ ಬರುತ್ತದೆ.

ಕರಾವಳಿಯ ನಮ್ಮ ಮನೆಗಳಲ್ಲೂ ಹೊಗೆಗೆ ಕೊರತೆಯಿಲ್ಲ. ಬಚ್ಚಲ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಚೂರು, ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ, ಜಗಲಿಯಲ್ಲಿ ಗಂಡಸರ ಸಿಗರೇಟು, ಬೀಡಿ ಕಟ್ಟುವಲ್ಲಿ ಹೊಗೆಸೊಪ್ಪಿನ ಧೂಳು. ಸಾಲದ್ದಕ್ಕೆ ಸ್ನಾನ ಮಾಡಿಸಿದ ಹಸುಗೂಸಿಗೆ ಸಾಂಬ್ರಾಣಿ ಹೊಗೆ. ಪ್ರೀತಿಯಿಂದ ಹಾಕುವುದೇ ಸರಿ, ಆದರೆ ಮಗುವಿನ ಶ್ವಾಸನಾಳ ಬಹಳ ಕಿರಿದು. ಹೊಗೆ ತಾಗಿ ಊದಿಕೊಂಡರೆ ಗಾಳಿ ಹೋಗಲು ದಾರಿ ಎಲ್ಲಿ?

ಮೊದಲು ಮನೆಯ ಹೊಗೆ ನಿಲ್ಲಿಸೋಣ. ಬೀಡಿಯ ಮೊರ ಮಗು ಮಲಗುವ ಕೋಣೆಯಿಂದ ಹೊರಗಿರಲಿ. ಸೊಳ್ಳೆಗೆ ಪರದೆ ಸಾಕು. ಇನ್‌ಹೇಲರ್ ಚಟವಾಗುತ್ತದೆಂಬ ಮಾತು ಸುಳ್ಳು. ಮದ್ದು ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಬಹಳ ಕಡಿಮೆ ಪ್ರಮಾಣ ಸಾಕಾಗುತ್ತದೆ. ಸದ್ದು ನಿಂತಿತೆಂದು ಡಾಕ್ಟರನ್ನು ಕೇಳದೆ ಅದನ್ನು ಬಿಡಬೇಡಿ. ಉಸಿರೆಳೆಯುವಾಗ ಪಕ್ಕೆ ಒಳಸೇರಿದರೆ, ತುಟಿ ನೀಲಿಯಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಓಡಿ.

ಊರಿನ ಹೊಗೆ ಒಂದು ಮನೆಯವರಿಂದ ನಿಲ್ಲುವಂಥದ್ದಲ್ಲ. ಜಮಾಅತ್ ಕಮಿಟಿಗಳು ಪಂಚಾಯತ್‌ಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದು ಅರ್ಜಿ ಕೊಡಲಿ. ಮಕ್ಕಳ ಉಸಿರಿಗಿಂತ ದೊಡ್ಡ ಅಜೆಂಡಾ ಯಾವ ಕಮಿಟಿಗಿದೆ?